ಬೆನ್ನೆಲುಬಿನ ಅಡಿಗಲ್ಲು

ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಹಂಪೆಗೆ ಕರೆದೊಯ್ಯುವುದು ನಮ್ಮ ಹೊಸಪೇಟೆಯ ಕಡೆಯ ಉಪಾಧ್ಯಾಯರಿಗೆ ವರ್ಷವರ್ಷವೂ ತಪ್ಪದ ಕೆಲಸ. ದಾರಿ 13 ಕಿಲೋಮೀಟರಿನಷ್ಟು. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ಕೃಷ್ಣದೇವಾಲಯವನ್ನು ನೋಡಿ, ಅದರ ದಕ್ಷಿಣಕ್ಕಿರುವ ನರಸಿಂಹನ ಮುಂದೆ ನಿಂತಿರುತ್ತೇವೆ. ಒಂದು ಸಲ ಅಲ್ಲಿ ನಾನು ಎಂದಿನ ಪಾಠವನ್ನು ಒಪ್ಪಿಸುತ್ತಿದ್ದೆ: 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದದ್ದು; ಒಂದೇ ಬಂಡೆಯಲ್ಲಿ ಕಡೆದದ್ದು; 6.7 ಮೀಟರು ಎತ್ತರ. ಜನ ಉಗ್ರನರಸಿಂಹನೆಂದರೂ ಇವನು ಲಕ್ಷ್ಮೀನರಸಿಂಹ, ಎಡದ ತೊಡೆಯ ಮೇಲೆ ಕುಳಿತಿದ್ದ ದೇವಿ ಈಗಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಕೈಯೆತ್ತಿ ಕೇಳಿದ: “ಸರ್, ದೇವರ ಮೊಣಕಾಲಿಗೆ ಬೆಲ್ಟ್ ಯಾಕ ಹಾಕ್ಯಾರ್ರಿ?”

ಈಗ ಅಲ್ಲಿ ಕಾಣುವ ಪಟ್ಟಿ ಹೊಸ ಕಲ್ಲಿನದು. ಭಿನ್ನವಾದ ಮೂರ್ತಿಯನ್ನು ಸರಿಪಡಿಸುವಾಗ ಪುರಾತತ್ತ್ವ ಇಲಾಖೆಯವರು ಕಾಲುಗಳಿಗೆ ಆಧಾರವಾಗಿ ಕೂಡಿಸಿದ್ದು. ಆದರೆ ಆ ಪಟ್ಟಿಯ ಕಲ್ಪನೆ ಹಳೆಯದು. ಅದಕ್ಕೆ ಯೋಗಪಟ್ಟವೆಂದು ಹೆಸರು. ಮೇಲುಕೋಟೆಯ ಯೋಗನರಸಿಂಹನಿಗೂ ಅದುಂಟು. ಹಂಪೆಯ ಕಂಬಗಳ ಮೇಲೆ ಕುಳಿತ ಜೋಗಿಗಳಲ್ಲಿಯೂ ಹಲವರಿಗುಂಟು. ಇಷ್ಟನ್ನು ಹೇಳಿ ಮುಗಿಸಿದೆನೆಂದುಕೊಂಡೆ. ಹುಡುಗ ಬಿಡಲಿಲ್ಲ. “ಅದನ್ನ ಕಟ್ಟಿಕೊಂಡರ ಏನಾಗ್ತೈತ್ರಿ?” ಎಂದ. ಹೆಸರು ಗೊತ್ತಿತ್ತು, ಉಪಯೋಗ ಗೊತ್ತಿರಲಿಲ್ಲ. ಪಂಡಿತರ ಪಾಡು ಬಹುಮಟ್ಟಿಗೆ ಇದೇ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಓದುಗರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ನೆಲದ ಮೇಲೆ ಮೊಣಕಾಲುಗಳನ್ನು ಮೇಲಕ್ಕೆ ಮಡಿಚಿಕೊಂಡು ಕುಳಿತು, ಒಂದು ಅಂಗೈಯನ್ನು ಸೊಂಟದ ಹಿಂಬದಿಗೆ, ಬೆನ್ನಹುರಿಯ ಸಾಲು ಮುಗಿಯುವಲ್ಲಿಗೆ ಇಟ್ಟುಕೊಳ್ಳಿ. ಅಂಗೈಗೆ ಸಿಗುವ ಅಗಲವಾದ ಗಟ್ಟಿ ಎಲುಬೇ ತ್ರಿಕಾಸ್ಥಿ. ನಿಂತಾಗ ಅದು ಮುಂದಕ್ಕೆ ವಾಲಿರುತ್ತದೆ; ಅದರ ಮೇಲೆ ನಡುವಿನ ಬೆನ್ನು ಒಳಕ್ಕೆ ಬಾಗಿರುತ್ತದೆ. ಹೀಗೆ ಕುಳಿತೊಡನೆ ಸೊಂಟದ ಬೋಗುಣಿ ಹಿಂದಕ್ಕೆ ಉರುಳುತ್ತದೆ, ತ್ರಿಕಾಸ್ಥಿ ನೆಟ್ಟಗಾಗುತ್ತದೆ, ಒಳಬಾಗು ಅಳಿಸಿಹೋಗಿ ಬೆನ್ನು ಗೂನಾಗುತ್ತದೆ. ಹೊತ್ತು ಕಳೆದಂತೆ ನಡು ಸೋಲುತ್ತದೆ. ಈಗ ಒಂದು ಬಟ್ಟೆಯನ್ನು ಆ ಎಲುಬಿನ ಮಟ್ಟದಲ್ಲಿ ಹಿಂದಿನಿಂದ ತಂದು ಎರಡು ಮೊಣಕಾಲುಗಳನ್ನೂ ಸುತ್ತಿ ಬಿಗಿದು ಕಟ್ಟಿ. ಮೊಣಕಾಲು ಮುಂದಕ್ಕೆಳೆಯುತ್ತದೆ, ಬಟ್ಟೆ ತ್ರಿಕಾಸ್ಥಿಯನ್ನು ಹಿಂದಿನಿಂದ ಒತ್ತಿ ಹಿಡಿಯುತ್ತದೆ, ಬೋಗುಣಿ ಉರುಳುವುದು ನಿಲ್ಲುತ್ತದೆ. ಬೆನ್ನಿನ ಮಾಂಸಖಂಡಗಳು ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡಿತು. ಕಂಪ್ಲಿಯ ಕಡೆಯ ಹಳ್ಳಿಕಟ್ಟೆಗಳಲ್ಲಿ ಮುದುಕರು ಹೆಗಲ ವಲ್ಲಿಯನ್ನು ಬೆನ್ನಿಗೂ ಮೊಣಕಾಲಿಗೂ ಬಿಗಿದುಕೊಂಡು ಗಂಟೆಗಟ್ಟಲೆ ಮಾತಾಡುತ್ತ ಕೂತಿರುವುದನ್ನು ನಾನು ಎಳವೆಯಿಂದ ಕಂಡಿದ್ದೇನೆ. ಜೋಗಿಯ ಪಟ್ಟವೂ ರೈತನ ವಲ್ಲಿಯೂ ಒಂದೇ ಎಂಬುದು ಹೊಳೆಯಲು ನನಗೆ ಐವತ್ತು ವರ್ಷ ಬೇಕಾಯಿತು.

ತ್ರಿಕವೆಂಬ ಮಾತನ್ನು ಸ್ವಲ್ಪ ನೋಡೋಣ. ಬೆನ್ನುಸಾಲಿನ ಕೆಳಗಿರುವುದು ತ್ರಿಕವೆಂದು ಅಮರಸಿಂಹ ಹೇಳುತ್ತಾನೆ. ತ್ರಿಕವೆಂದರೆ ಮೂರರ ಕೂಟ. ಮೂರು ದಾರಿ ಸೇರುವ ಜಾಗಕ್ಕೂ ಆ ಹೆಸರುಂಟು. ಮೇಲಿನಿಂದ ಬೆನ್ನುಸಾಲು, ಎಡಬಲಗಳಿಂದ ಸೊಂಟದ ಎರಡು ಅಗಲವಾದ ಎಲುಬುಗಳು, ಮೂರೂ ಕೂಡುವ ಸ್ಥಳವಾದ್ದರಿಂದ ಹೆಸರು ಒಪ್ಪುತ್ತದೆ. ಆ ಅಗಲ ಎಲುಬನ್ನು ಅಮರ ಶ್ರೋಣಿಫಲಕವೆಂದು, ಅಂದರೆ ಸೊಂಟದ ಹಲಗೆಯೆಂದು ಕರೆದ. ಬೆನ್ನಿನ ಕೆಳಗೆ ಎರಡು ಕಡೆ ಕಾಣುವ ಸಣ್ಣ ಕುಳಿಗಳಿಗೂ ಅವನಲ್ಲಿ ಹೆಸರುಂಟು: ಕುಕುಂದರ. ಇಂದಿನ ವೈದ್ಯರು ರೋಗಿಯ ಬೆನ್ನಿನ ಮೇಲೆ ತ್ರಿಕಾಸ್ಥಿಯ ಎರಡನೆಯ ಮಣಿಯ ಮಟ್ಟವನ್ನು ಗುರುತಿಸುವುದು ಈ ಕುಳಿಗಳಿಂದಲೇ. ಗ್ರೀಕರು ಈ ಎಲುಬನ್ನು ಪವಿತ್ರವಾದ ಎಲುಬೆಂದು ಕರೆದರು. ಅದೇ ಲ್ಯಾಟಿನ್ನಿಗೆ ಹೋಗಿ ಸೇಕ್ರಂ ಆಯಿತು. ಏಕೆ ಪವಿತ್ರವೆಂಬ ಚರ್ಚೆ ಪಶ್ಚಿಮದಲ್ಲಿ ಇನ್ನೂ ಮುಗಿದಿಲ್ಲ. ನಮ್ಮವರು ಪಾವಿತ್ರ್ಯದ ಗೊಡವೆಗೆ ಹೋಗದೆ, ಅದು ಮಾಡುವ ಕೆಲಸವನ್ನು ನೋಡಿ ಹೆಸರಿಟ್ಟರು. ನನಗೆ ಇದು ಹೆಚ್ಚು ಹಿಡಿಸುತ್ತದೆ.

ಸುಶ್ರುತನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಹಾಕಿ, ಆಮೇಲೆ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಒಳಗಿನದನ್ನು ನೋಡಬೇಕೆಂದು ವಿಧಿಸಿದವನು ಅವನು. ಶ್ರೋಣಿಯಲ್ಲಿ ಐದು ಎಲುಬೆಂದು ಅವನ ಎಣಿಕೆ; ನಾಲ್ಕು ಗುದ, ಭಗ, ನಿತಂಬಗಳಲ್ಲಿ, ಒಂದು ತ್ರಿಕದಲ್ಲಿ. ಇಂದಿನ ಎಣಿಕೆಯಂತೆ ಪ್ರಾಯದವರಲ್ಲಿ ನಾಲ್ಕು: ಎರಡು ಸೊಂಟದ ಎಲುಬು, ತ್ರಿಕಾಸ್ಥಿ, ಬಾಲದೆಲುಬು. ಅಂತರ ಒಂದೇ. ಒಟ್ಟು ಎಲುಬುಗಳನ್ನು ಸುಶ್ರುತ 300 ಎಂದ, ಚರಕ 360 ಎಂದ, ಇಂದಿನವರು 206 ಎನ್ನುತ್ತಾರೆ. ಹಲ್ಲು, ಮೆಲ್ಲೆಲುಬುಗಳನ್ನು ಸೇರಿಸುವ ಬಿಡುವ ಲೆಕ್ಕದಿಂದ ಬಂದ ಭೇದ ಇದರಲ್ಲಿ ಬಹಳ. ಹರ್ನ್ಲೆ ಎಂಬ ವಿದ್ವಾಂಸ 1907ರಲ್ಲಿ ಇದನ್ನೇ ಒಂದು ಗ್ರಂಥವಾಗಿ ಪರಿಶೀಲಿಸಿದ. ಕುಕುಂದರಗಳನ್ನು ಸುಶ್ರುತ ಮರ್ಮಗಳಲ್ಲಿ ಸೇರಿಸಿದ್ದಾನೆ. ಅಲ್ಲಿ ಪೆಟ್ಟಾದರೆ ಸೊಂಟದಿಂದ ಕೆಳಗೆ ಸ್ಪರ್ಶಜ್ಞಾನವೂ ಚಲನೆಯೂ ಕೆಡುತ್ತವೆಂದು ಅವನ ಮಾತು. ಚರಕನಾದರೋ ವಾತರೋಗಗಳ ಪಟ್ಟಿಯಲ್ಲಿ ಕುಂಟು, ಗೂನು, ಕುಳ್ಳುತನಗಳನ್ನು ಹೇಳಿ, ಅವುಗಳ ಬೆನ್ನಿಗೇ ತ್ರಿಕಗ್ರಹ, ಪೃಷ್ಠಗ್ರಹ ಎಂದು ಪೋಣಿಸಿದ್ದಾನೆ. ಕಾಲು, ತ್ರಿಕ, ಬೆನ್ನು ಒಂದೇ ಸರದ ಮಣಿಗಳೆಂಬ ಅರಿವು ಆ ಪೋಣಿಕೆಯಲ್ಲಿದೆಯೆಂದು ನಾನು ತಿಳಿಯುತ್ತೇನೆ.

ಈಗ ಎಲುಬಿನ ಕಟ್ಟಡಕ್ಕೆ ಬರೋಣ. ಬೆನ್ನುಸಾಲಿನ ಕೆಳತುದಿಯ ಐದು ಮಣಿಗಳು ಕೂಸಿನಲ್ಲಿ ಬಿಡಿಬಿಡಿಯಾಗಿರುತ್ತವೆ. ಹದಿಹರೆಯದಲ್ಲಿ ಕೆಳಗಿನಿಂದ ಮೇಲಕ್ಕೆ ಬೆಸೆಯಲು ತೊಡಗಿ, ಇಪ್ಪತ್ತೈದು ಮೂವತ್ತರ ಹೊತ್ತಿಗೆ ಒಂದೇ ಎಲುಬಾಗುತ್ತವೆ. ಅಗೆತದಲ್ಲಿ ಸಿಕ್ಕ ಅಸ್ಥಿಪಂಜರದ ವಯಸ್ಸನ್ನು ಹೇಳಲು ಈ ಬೆಸುಗೆಯೂ ಒಂದು ಗುರುತು. ಮೇಲೆ ಅಗಲ, ಕೆಳಗೆ ಕಿರಿದು. ಎರಡು ಹಲಗೆಗಳ ನಡುವೆ ಬಡಿದ ಬೆಣೆಯಂತಿದೆ. ಕಮಲಮಹಲಿನ ಕಮಾನುಗಳನ್ನು ನೋಡಿದವರಿಗೆ ನಡುನೆತ್ತಿಯ ಕಲ್ಲು ಎರಡು ಕಡೆಯ ಭಾರವನ್ನು ಹೇಗೆ ಹಂಚುತ್ತದೆಂದು ಗೊತ್ತು. ತ್ರಿಕಾಸ್ಥಿಯನ್ನು ಆ ಕಲ್ಲಿಗೆ ಹೋಲಿಸುವುದುಂಟು: ತಲೆ, ತೋಳು, ಮುಂಡಗಳ ಭಾರವೆಲ್ಲ ಇದರ ಮೇಲಿಳಿದು, ಇಲ್ಲಿಂದ ಎರಡಾಗಿ ಒಡೆದು ತೊಡೆಗಳಿಗೆ ಹೋಗುತ್ತದೆ. ಆದರೆ ಹೋಲಿಕೆ ಪೂರ್ತಿ ಸರಿಯಲ್ಲ. ಈ ಬೆಣೆ ಹಿಂದೆ ಕಿರಿದಾಗಿ ಮುಂದೆ ಅಗಲವಾಗಿದೆ. ಮೇಲಿನ ಭಾರ ಅದನ್ನು ಮುಂದಕ್ಕೆ ಜಾರಿಸಲು ಹವಣಿಸುತ್ತದೆ. ಜಾರದಂತೆ ಹಿಡಿದಿರುವುದು ಸಂದಿನ ಹಿಂಬದಿಯ ನಾರುಕಟ್ಟುಗಳು. ಸುಶ್ರುತ ಸ್ನಾಯುವೆಂದದ್ದು ಇಂಥ ಕಟ್ಟುಗಳನ್ನೇ. ನಮ್ಮ ಪಠ್ಯಪುಸ್ತಕಗಳು ಆ ಮಾತನ್ನು ಮಾಂಸಖಂಡಕ್ಕೆ ಕೊಟ್ಟುಬಿಟ್ಟಿವೆ. ಮನುಷ್ಯದೇಹದ ಅತ್ಯಂತ ಬಲವಾದ ಕಟ್ಟುಗಳಲ್ಲಿ ಇವೂ ಸೇರಿವೆ.

ಗಾರೆಕೆಲಸದವನು ಅಡಿಗಲ್ಲನ್ನು ಮಟ್ಟಸವಾಗಿ ಇಡುತ್ತಾನೆ. ದೇಹದ ಅಡಿಗಲ್ಲು ಮಾತ್ರ ಓರೆಯಾಗಿಯೇ ಇರಬೇಕು. ನಿಂತವನ ತ್ರಿಕಾಸ್ಥಿಯ ಮೇಲ್ಮುಖ ಸರಾಸರಿ 40 ಡಿಗ್ರಿಯಷ್ಟು ಮುಂದಕ್ಕೆ ವಾಲಿರುತ್ತದೆ. ಓರೆಯಾದ ಕಲ್ಲಿನ ಮೇಲೆ ನೆಟ್ಟಗಿನ ಗೋಡೆಯನ್ನು ಎಬ್ಬಿಸಬೇಕಾದರೆ ಗೋಡೆ ಬಾಗಲೇಬೇಕು. ಅದಕ್ಕಾಗಿ ನಡು ಒಳಕ್ಕೆ, ಎದೆಯ ಬೆನ್ನು ಹೊರಕ್ಕೆ, ಕೊರಳು ಮತ್ತೆ ಒಳಕ್ಕೆ ಬಾಗಿ, ತಲೆ ಬಂದು ಕಾಲುಗಳ ನೇರಕ್ಕೆ ನಿಲ್ಲುತ್ತದೆ. ಓರೆ ಹೆಚ್ಚಿದಷ್ಟೂ ಒಳಬಾಗು ಹೆಚ್ಚು, ಕಡಿಮೆಯಾದಷ್ಟೂ ಕಡಿಮೆ. 1992ರಲ್ಲಿ ಫ್ರಾನ್ಸಿನ ವೈದ್ಯೆ ಜಿನೆಟ್ ದ್ಯುವಾಲ್-ಬೋಪೇರ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಅಳತೆಯನ್ನು ಕೊಟ್ಟರು. ತೊಡೆಯ ಕೀಲುಗಳಿಗೆ ಎದುರಾಗಿ ತ್ರಿಕಾಸ್ಥಿ ಯಾವ ಕೋನದಲ್ಲಿ ಕೂತಿದೆಯೆಂಬುದು ಬೆಳವಣಿಗೆ ಮುಗಿದ ಮೇಲೆ ಹೆಚ್ಚುಕಡಿಮೆ ಸ್ಥಿರ. ಆದರೆ ಒಬ್ಬರಿಂದೊಬ್ಬರಿಗೆ ಬೇರೆ. ಸರಾಸರಿ 50ರಿಂದ 55 ಡಿಗ್ರಿಯಾದರೂ 35ರವರೂ ಇದ್ದಾರೆ, 80ರ ಸಮೀಪದವರೂ ಇದ್ದಾರೆ. ಅಂದರೆ ಒಬ್ಬನಿಗೆ ಸಹಜವಾದ ನಿಲುವು ಇನ್ನೊಬ್ಬನಿಗೆ ಸಹಜವಲ್ಲ. ತರಗತಿಯಲ್ಲಿ ನಲವತ್ತು ಮಕ್ಕಳನ್ನೂ ಒಂದೇ ಹುರಿಯಲ್ಲಿ “ನೆಟ್ಟಗೆ ಕೂಡ್ರಿ” ಎಂದು ಗದರಿದ ನನಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು.

ಈ ಓರೆಯ ಲೆಕ್ಕ ಶಿಲ್ಪಿಗೆ ಗೊತ್ತಿತ್ತು. ಅವನದು ಡಿಗ್ರಿಯ ಲೆಕ್ಕವಲ್ಲ, ದಾರದ ಲೆಕ್ಕ. ಹಂಪೆಯ ಕಂಬಗಳಲ್ಲಿ ಕೊಳಲೂದುವ ಕೃಷ್ಣನನ್ನು ನೋಡಿ. ಒಂದು ಕಾಲಿನ ಮೇಲೆ ಭಾರ, ಇನ್ನೊಂದು ಕಾಲು ಅಡ್ಡಹಾಯ್ದಿದೆ. ಭಾರ ಹೊತ್ತ ಕಡೆಯ ಸೊಂಟ ಮೇಲೇರಿದೆ, ಬಿಡುವಾದ ಕಡೆಯದು ಇಳಿದಿದೆ. ಅಡಿಗಲ್ಲು ಪಕ್ಕಕ್ಕೆ ವಾಲಿತು. ಆದ್ದರಿಂದ ನಡು ಒಂದು ಕಡೆಗೆ, ಎದೆ ಇನ್ನೊಂದು ಕಡೆಗೆ, ತಲೆ ಮತ್ತೆ ಮೊದಲ ಕಡೆಗೆ ಬಾಗಿದೆ. ಮೂರು ಬಾಗಿನ ಈ ನಿಲುವೇ ತ್ರಿಭಂಗ. ಮೂರ್ತಿಯ ಮುಂದೆ ತೂಗುಗುಂಡಿನ ದಾರವನ್ನು ಇಳಿಬಿಟ್ಟು ಶಿಲ್ಪಿ ಅಳೆಯುತ್ತಿದ್ದ ನೆಟ್ಟನೆಯ ಗೆರೆಗೆ ಬ್ರಹ್ಮಸೂತ್ರವೆಂದು ಹೆಸರು. ಸಮಭಂಗದಲ್ಲಿ ಆ ಗೆರೆ ದೇಹವನ್ನು ಸರಿಯಾಗಿ ಎರಡು ಮಾಡುತ್ತದೆ. ತ್ರಿಭಂಗದಲ್ಲಿ ಸೊಂಟ ಎಷ್ಟು ಸರಿದರೆ ಎದೆ ಎಷ್ಟು ಮರಳಬೇಕೆಂಬುದನ್ನು ಆ ಗೆರೆಯಿಂದಲೇ ಎಣಿಸುತ್ತಾರೆ. ಒಂದು ಕಾಲು ಇನ್ನೊಂದಕ್ಕಿಂತ ಮೋಟಾದವರ ಬೆನ್ನಿನಲ್ಲಿಯೂ ಇದೇ ನಡೆಯುತ್ತದೆ. ಸೊಂಟ ಒಂದು ಕಡೆ ಇಳಿದು, ಬೆನ್ನು ಪಕ್ಕಕ್ಕೆ ಬಾಗಿ ಸರಿತೂಗಿಸಿಕೊಳ್ಳುತ್ತದೆ. ಮೋಟಾದ ಕಾಲಿನ ಕೆಳಗೆ ಹಲಗೆಯ ತುಂಡನ್ನಿಟ್ಟು ಸೊಂಟವನ್ನು ಮಟ್ಟಮಾಡಿದರೆ ಬಾಗು ಬಹುಮಟ್ಟಿಗೆ ಮಾಯವಾಗುತ್ತದೆ. ಬೆನ್ನಿನದೇ ರೋಗವಾದರೆ ಹಾಗೆ ಮಾಯವಾಗದು. ವೈದ್ಯರು ಎರಡನ್ನೂ ಬೇರೆಮಾಡುವ ಬಗೆಗಳಲ್ಲಿ ಇದೊಂದು.

ಕಲ್ಲಿನಲ್ಲಿ ಮಾತ್ರವಲ್ಲ, ಗರಡಿಯಲ್ಲಿಯೂ ವಿಜಯನಗರದವರಿಗೆ ನಡುವಿನ ಮೇಲೆ ಕಣ್ಣಿತ್ತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳ ಕಾಳಗವಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಬೆಳಕು ಹರಿಯುವ ಮೊದಲು ರಾಯ ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆ ತಿಕ್ಕಿಸಿಕೊಂಡು, ಲಂಗೋಟಿಯಲ್ಲಿ ನಿಂತು ಮಣ್ಣಿನ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುತ್ತಿದ್ದ. ಬಳಿಕ ಎಣ್ಣೆಯೆಲ್ಲ ಬೆವರಾಗಿ ಇಳಿಯುವತನಕ ಕತ್ತಿವರಸೆ, ಅದಾದ ಮೇಲೆ ಜಟ್ಟಿಯೊಡನೆ ಕುಸ್ತಿ, ಕೊನೆಗೆ ಬಯಲಿನಲ್ಲಿ ಕುದುರೆಸವಾರಿ. ಭಾರ ಎತ್ತುವಾಗ, ಕುದುರೆಯ ಮೇಲೆ ಕೂತಾಗ, ಎದುರಾಳಿಯನ್ನು ಸೊಂಟದ ಮೇಲಿನಿಂದ ಎಸೆಯುವಾಗ, ಎಲ್ಲದಕ್ಕೂ ಬಲ ಹೊರಡುವುದು ಬೋಗುಣಿಯಿಂದ. ಟೊಂಕ ಕಟ್ಟಿ ನಿಲ್ಲುವುದೆಂಬ ನಮ್ಮ ನುಡಿ ಬರಿಯ ಅಲಂಕಾರವಲ್ಲ. ಕಾಳಗಕ್ಕೆ ಹೊರಟವನು ನಿಜವಾಗಿಯೂ ನಡುವಿಗೆ ದಟ್ಟಿಯನ್ನು ಬಿಗಿಯುತ್ತಿದ್ದ. ಇನ್ನು ಕಂಬದ ಜೋಗಿಗಳು. ಕುಳಿತವರಷ್ಟೇ ಅಲ್ಲ, ಮೈಯನ್ನು ತಿರುಚಿದ, ಕೈಗಳ ಮೇಲೆ ನಿಂತ ಜೋಗಿಗಳೂ ಹಂಪೆಯ ಗುಡಿಗಳಲ್ಲಿ ಇದ್ದಾರೆ. ಸೇತ್ ಪೊವೆಲ್ ಎಂಬ ಸಂಶೋಧಕರು 2018ರಲ್ಲಿ ಇವನ್ನು ಕುರಿತು ಲೇಖನ ಬರೆದು, ಕುಳಿತು ಮಾಡುವುದಲ್ಲದ ಕಠಿನ ಆಸನಗಳಿಗೆ ಹದಿನಾರನೆಯ ಶತಮಾನದ ಈ ಕೆತ್ತನೆಗಳು ಬಲು ಮುಖ್ಯವಾದ ಸಾಕ್ಷ್ಯವೆಂದು ತೋರಿಸಿದರು. ನಾವು ದಿನವೂ ಒರಗಿ ಕೂಡುವ ಕಂಬಗಳು!

ಇಷ್ಟಾದರೂ ನಮ್ಮ ಜನಕ್ಕೆ ತ್ರಿಕಾಸ್ಥಿ ನೆನಪಾಗುವುದು ಅದು ನೊಂದಾಗಲೇ. ನಮ್ಮೂರಿನಲ್ಲಿ ಸೊಂಟ ಹಿಡಿದವನಿಗೆ ಮೊದಲು ಸಿಗುವ ತೀರ್ಪು “ಎಲುಬು ಜಾರಿದೆ” ಎಂಬುದು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಒಂದು ಚಿಕಿತ್ಸೆ; ಮಂಡಿಯೂರಿ ಬೆನ್ನನ್ನು ಲಟಕ್ಕೆನ್ನಿಸುವವರು ಇನ್ನೊಬ್ಬರು. ನನಗೂ ನಲವತ್ತೆಂಟರಲ್ಲಿ ಈ ನೋವು ಬಂತು. ತ್ರಿಕ ಅರ್ಧ ಅಂಗುಲ ಸರಿದಿದೆ, ಆರು ತಿಂಗಳು ನೆಲ ಬಿಟ್ಟು ಏಳಬೇಡಿ ಎಂದರು ಒಬ್ಬರು. ಅವರ ಹೆಸರು ಬೇಡ. ಎರಡು ತಿಂಗಳು ಮಲಗಿದೆ. ಎದ್ದಾಗ ಕಾಲುಗಳೇ ನನ್ನವಲ್ಲವೆಂಬಂತಾಗಿತ್ತು. ಹೆಜ್ಜೆಯಿಟ್ಟರೆ ಎಲುಬು ಮತ್ತೆ ಜಾರೀತೆಂಬ ಭಯ ನೋವಿಗಿಂತ ಹೆಚ್ಚಾಗಿತ್ತು.

ಈ ಭಯಕ್ಕೆ ಪಶ್ಚಿಮದಲ್ಲಿಯೂ ಒಂದು ಚರಿತ್ರೆಯಿದೆ. 1905ರಲ್ಲಿ ಬಾಸ್ಟನ್ ನಗರದ ಗೋಲ್ಡ್‌ಥ್ವೇಟ್ ಮತ್ತು ಆಸ್‌ಗುಡ್ ಎಂಬ ವೈದ್ಯರು ಸೊಂಟದ ಸಂದುಗಳ ಸಡಿಲವೇ ಬೆನ್ನುನೋವಿಗೆ ಕಾರಣವಾಗಬಲ್ಲದೆಂದು ಬರೆದರು. ಮೂವತ್ತು ವರ್ಷ ಸೊಂಟದ ನೋವೆಲ್ಲ ಆ ಸಂದಿನ ತಲೆಗೇ ಬಂತು. 1934ರಲ್ಲಿ ಅದೇ ನಗರದ ಮಿಕ್ಸ್ಟರ್ ಮತ್ತು ಬಾರ್ ಬೆನ್ನುಮಣಿಗಳ ನಡುವಣ ಮೆತ್ತೆ ಹೊರಚಾಚಿ ನರವನ್ನು ಒತ್ತುವುದನ್ನು ತೋರಿಸಿಕೊಟ್ಟರು. ಅಂದಿನಿಂದ ಅಪರಾಧಿ ಬದಲಾದ, ಎಲ್ಲ ದೋಷವೂ ಮೆತ್ತೆಯ ಪಾಲಾಯಿತು. ವೈದ್ಯಶಾಸ್ತ್ರದಲ್ಲಿಯೂ ಗಾಳಿ ಬಂದತ್ತ ತೂರುವುದುಂಟು. ಕಡೆಗೆ 1989ರಲ್ಲಿ ಸ್ವೀಡನ್ನಿನ ಸ್ಟುರೆಸನ್ ಮತ್ತು ಸಂಗಡಿಗರು ಎಲುಬಿನೊಳಗೆ ಸಣ್ಣ ಲೋಹದ ಗುಂಡುಗಳನ್ನಿರಿಸಿ, ಎಕ್ಸ್‌ರೇಯಿಂದ ಸಂದಿನ ಚಲನೆಯನ್ನು ಅಳೆದರು. ಸಿಕ್ಕದ್ದು ಸರಾಸರಿ ಎರಡೂವರೆ ಡಿಗ್ರಿ! ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವುದು ಇದಕ್ಕಿಂತ ಸ್ವಲ್ಪ ಹೆಚ್ಚು. 1998ರಲ್ಲಿ ಟುಲ್‌ಬೆರ್ಗ್ ಮತ್ತು ಸಂಗಡಿಗರು ಅದೇ ವಿಧಾನದಿಂದ ಇನ್ನೊಂದನ್ನು ನೋಡಿದರು: ಬೆನ್ನನ್ನು ಲಟಕ್ಕೆನ್ನಿಸುವ ಮೊದಲೂ ಆಮೇಲೂ ತ್ರಿಕಾಸ್ಥಿ ಇದ್ದಲ್ಲೇ ಇತ್ತು. ಹಾಗೆ ಒತ್ತಿಸಿಕೊಂಡವರಿಗೆ ನೋವು ಇಳಿಯುವುದು ಸುಳ್ಳಲ್ಲ. ಬಿಗಿದ ಮಾಂಸಖಂಡ ಸಡಿಲಾಗುವುದುಂಟು. ಆದರೆ ಜಾರಿದ ಎಲುಬು ಕೂತಿತೆಂಬುದು ಮಾತ್ರ ಕತೆ. ಎತ್ತರದಿಂದ ಬಿದ್ದೋ ವಾಹನಕ್ಕೆ ಸಿಕ್ಕೋ ಬೋಗುಣಿ ಒಡೆದವರ ಮಾತು ಬೇರೆ. ಅದು ಆಸ್ಪತ್ರೆಯ ಕೆಲಸ. ಬಸುರಿನಲ್ಲಿಯೂ ಹೆರಿಗೆಯ ಸಮಯದಲ್ಲಿಯೂ ಈ ಕಟ್ಟುಗಳು ಸ್ವಲ್ಪ ಸಡಿಲಾಗುವುದು ಪ್ರಕೃತಿಧರ್ಮ. ಬಹುಪಾಲು ತಾಯಂದಿರಲ್ಲಿ ಅವು ಮತ್ತೆ ಬಿಗಿಯುತ್ತವೆ.

ಜಾರುವುದು ಎಲುಬಲ್ಲವಾದರೆ, ಕೆಡುವುದು ಯಾವುದು? ಹೆಚ್ಚಾಗಿ ಓರೆಯ ಹೊಂದಾಣಿಕೆ. ಸಂಡೂರಿನ ಗುಡ್ಡಗಳಲ್ಲಿ ಯಂತ್ರಗಳು ಬರುವ ಮೊದಲು ಅದಿರನ್ನು ಸುತ್ತಿಗೆಯಿಂದ ಒಡೆದು ಬುಟ್ಟಿಯಲ್ಲಿ ಹೊರುತ್ತಿದ್ದರು. 1945ರಿಂದ 1953ರವರೆಗೆ ಕಟ್ಟಿದ ತುಂಗಭದ್ರಾ ಅಣೆಕಟ್ಟೂ ಕಲ್ಲುಗಾರೆಯದೇ. ತಲೆಯ ಮೇಲೆ ಸಿಂಬಿಯಿಟ್ಟು ಹೊತ್ತ ಭಾರ, ಬೆನ್ನು ನೆಟ್ಟಗಿದ್ದರೆ, ನೇರವಾಗಿ ತ್ರಿಕಾಸ್ಥಿಗಿಳಿದು ತೊಡೆಗಳಿಗೆ ಹೋಗುತ್ತದೆ. ಅದೇ ಭಾರವನ್ನು ಬಗ್ಗಿ ಎತ್ತುವಾಗ ನಡುವಿನ ಮೆತ್ತೆಗಳ ಮೇಲೆ ಬೀಳುವ ಒತ್ತಡ ಬಹಳ ಹೆಚ್ಚು. ಇಂದು ಸಂಡೂರಿನ ದಾರಿಯಲ್ಲಿ ಲಾರಿ ಓಡಿಸುವವನದು ಇನ್ನೊಂದು ಬಗೆಯ ಕಷ್ಟ. ಹೊರೆಯಿಲ್ಲ, ಆದರೆ ದಿನವಿಡೀ ಬೋಗುಣಿ ಹಿಂದಕ್ಕುರುಳಿದ ಭಂಗಿ. ತ್ರಿಕಾಸ್ಥಿಯ 40 ಡಿಗ್ರಿಯ ಓರೆ ಒರಗಿ ಕೂತಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜೊತೆಗೆ ಗಾಡಿಯ ಅದುರು. ಅವನ ಬೆನ್ನಹಿಂದೆ ಒಂದು ಬಟ್ಟೆಯ ಸುರುಳಿಯನ್ನಿಟ್ಟರೆ ಯೋಗಪಟ್ಟದ ಕೆಲಸವನ್ನೇ ಮಾಡುತ್ತದೆ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಅದಕ್ಕಿಂತ ಮೇಲು. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಾಕುವ ನುರಿತ ಹೆಂಗಸರನ್ನು ಗಮನಿಸಿದ್ದೇನೆ. ಅವರು ನಡುವಿನಲ್ಲಿ ಮುರಿಯುವುದಿಲ್ಲ, ತೊಡೆಸಂದಿನಲ್ಲಿ ಮಡಚಿಕೊಳ್ಳುತ್ತಾರೆ. ತ್ರಿಕವೂ ಬೆನ್ನೂ ಒಂದೇ ಹಲಗೆಯಂತೆ ಬಾಗುತ್ತವೆ. ಹಾಗೆಂದು ಅವರಿಗೆ ನೋವಿಲ್ಲವೆನ್ನಲಾರೆ. ಬೆಳಗಿನಿಂದ ಸಂಜೆಯತನಕ ಬಾಗಿದವರ ನಡುವಿಗೆ ಯಾವ ಜಾಣತನವೂ ಪೂರಾ ಕಾವಲಾಗದು.

ಮುಪ್ಪಿನಲ್ಲಿ ಮೆತ್ತೆಗಳು ಸವೆದು ಒಳಬಾಗು ತಗ್ಗುತ್ತದೆ, ಮುಂಡ ಮುಂದಕ್ಕೆ ಬರುತ್ತದೆ. ಬೀಳದಿರಲು ದೇಹ ಬೋಗುಣಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಅದೂ ಸಾಲದಾದಾಗ ಮೊಣಕಾಲು ಮಡಿಚುತ್ತದೆ. ಕಟ್ಟಕಡೆಗೆ ಕೈಗೆ ಕೋಲು ಬರುತ್ತದೆ. ಕೋಲೂರಿ ಬರುವ ಅಜ್ಜನನ್ನು ಪಕ್ಕದಿಂದ ನೋಡಿದರೆ ಈ ನಾಲ್ಕು ಮೆಟ್ಟಿಲೂ ಕಾಣುತ್ತವೆ.

ಎರಡು ಎಚ್ಚರಿಕೆಗಳನ್ನು ವೈದ್ಯರು ನನಗೆ ಒತ್ತಿ ಹೇಳಿದರು. ಇಪ್ಪತ್ತು ಮೂವತ್ತರ ಹುಡುಗರಿಗೆ ತಿಂಗಳುಗಟ್ಟಲೆ ಸೊಂಟದ ನೋವಿದ್ದು, ಬೆಳಗ್ಗೆ ಏಳುವಾಗ ಬೆನ್ನು ಮರಗಟ್ಟಿದಂತಿದ್ದು, ಮಲಗಿದರೆ ಹೆಚ್ಚಿ ಓಡಾಡಿದರೆ ಇಳಿಯುವುದಾದರೆ, ಅದು ತ್ರಿಕದ ಸಂದಿನಿಂದಲೇ ಮೊದಲಾಗುವ ಉರಿಯೂತದ ರೋಗವಿರಬಹುದು. ಬಿಟ್ಟರೆ ಬೆನ್ನುಮಣಿಗಳು ಬೆಸೆದು ಬೆನ್ನು ಬಾಗಿದಂತೆಯೇ ನಿಂತುಬಿಡುತ್ತದೆ. ಮೊದಲೇ ಹಿಡಿದರೆ ಈಗ ಒಳ್ಳೆಯ ಔಷಧಗಳಿವೆ. ಇನ್ನೊಂದು, ಬೆನ್ನುನೋವಿನ ಜೊತೆಗೆ ಕೂಡುವ ಜಾಗದಲ್ಲಿ ಜೋಮು ಹಿಡಿದು, ಮೂತ್ರ ಕಟ್ಟಿ, ಕಾಲು ಸೋತರೆ, ಮರುದಿನಕ್ಕೆ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ಕುಕುಂದರಕ್ಕೆ ಪೆಟ್ಟಾದರೆ ಕೆಡುತ್ತವೆಂದು ಸುಶ್ರುತ ಹೇಳಿದ ಸ್ಪರ್ಶ, ಚಲನೆಗಳೇ ಇಲ್ಲಿಯೂ ಕೆಡುತ್ತವೆ.

ಕೈಯೆತ್ತಿ ಕೇಳಿದ ಆ ಹುಡುಗ ಈಗ ಓದು ಮುಗಿಸಿ ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ ಓಡಿಸುತ್ತಾನೆ. ಹೋದ ಜಾತ್ರೆಯಲ್ಲಿ ಸಿಕ್ಕಿದ್ದ. ಉತ್ತರ ತಡವಾಯಿತಪ್ಪಾ ಎಂದು ಎಲ್ಲವನ್ನೂ ಹೇಳಿದೆ. ಕೇಳಿ ನಕ್ಕು, ತಲೆಗೆ ಸುತ್ತಿದ್ದ ಟುವಾಲನ್ನು ಬಿಚ್ಚಿ ಸುರುಳಿ ಮಾಡಿ, ಸೀಟಿನ ಹಿಂಬದಿಗೆ ಇಟ್ಟು ನೋಡಿದ. “ಇನ್ನಾ ಸ್ವಲ್ಪ ಕೆಳಗ ಇಡ್ಲೇನ್ರಿ ಸರ್?” ಎಂದ. ಇನ್ನೂ ಸ್ವಲ್ಪ ಕೆಳಗೆ ಎಂದೆ.